ಬಲಗಡೆಯ ಸೀಟು

"ಕೆಂಪು. ನಿಧಾನ, ನಿಧಾನ. ಹಾಂ, ನಿಲ್ಸಿ."

ಊರ್ಮಿಳಾ ಹೇಳಿದಳು, ಆನಂದತೀರ್ಥರು ಬ್ರೇಕ್ ಒತ್ತಿದರು. ವಾಲ್ನಟ್ ಕ್ರೀಕಿನ ಗುಡ್ಡಗಳು ಮಳೆ ಕಂಡು ಹಸಿರಾಗಿದ್ದ ಸಮಯ ಅದು. ವರ್ಷಕ್ಕೆ ಎರಡೇ ತಿಂಗಳು ಇರುವ ಹಸಿರು. ಸ್ಟಿಯರಿಂಗ್ ಎಡಗಡೆ ಇರುವ ಈ ದೇಶದಲ್ಲಿ ನಲವತ್ತು ವರ್ಷದಿಂದ ಇದೇ ಬಲಗಡೆಯ ಸೀಟಿನಲ್ಲಿ ಕೂತು ಅದನ್ನು ಕಣ್ತುಂಬ ನೋಡಿಕೊಂಡು ಬಂದವಳಿಗೆ ಈ ಸಲ ಆ ಭಾಗ್ಯ ಇರಲಿಲ್ಲ. ಸೀಟ್ ಬೆಲ್ಟ್ ಬಿಗಿದ ಕೂಡಲೇ ಅವಳ ಕಣ್ಣು ಗಂಡನ ಸ್ವತ್ತಾಗುತ್ತಿತ್ತು.

"ಈಗ?"

"ಹಸಿರು. ಹೊರಡಿ. ಬಲಗಡೆ ಒಬ್ಬ ನಾಯಿ ಹಿಡ್ಕೊಂಡು ನಿಂತಿದಾನೆ, ದಾಟಲ್ಲ, ಹೋಗಿ."

ಆನಂದತೀರ್ಥರಿಗೆ ಎಂಬತ್ತು, ಅವಳಿಗೆ ಎಪ್ಪತ್ತೊಂದು. ಅವರ ಕಣ್ಣಿನ ನಡುಭಾಗ ಸವೆದುಹೋಗುತ್ತಿದೆ, ಅದಕ್ಕೆ ಕನ್ನಡಕದಿಂದ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ನೇರವಾಗಿ ನೋಡಿದರೆ ಬೂದಿ ಬಳಿದ ಹಾಗೆ. ಎದುರಿಗೆ ನಿಂತವರಿಗೆ ಕಿವಿ ಇರುತ್ತಿತ್ತು, ಭುಜ ಇರುತ್ತಿತ್ತು, ಮುಖ ಇರುತ್ತಿರಲಿಲ್ಲ. ಇಷ್ಟಾದರೂ ಕಾಣಿಸುವುದಿಲ್ಲ ಎಂಬ ಮಾತು ಆ ಮನುಷ್ಯನ ಬಾಯಿಂದ ಒಂದು ದಿನವೂ ಬಂದಿರಲಿಲ್ಲ. ಪೇಪರಿನವರು ಅಕ್ಷರ ಚಿಕ್ಕದು ಮಾಡಿದ್ದಾರೆ ಎನ್ನುತ್ತಿದ್ದರು. ಮನೆಯ ಬಲ್ಬು ಕೆಟ್ಟ ಕಂಪನಿಯದು ಎನ್ನುತ್ತಿದ್ದರು. ಪ್ರಪಂಚವೆಲ್ಲ ಸೇರಿ ಅವರೊಬ್ಬರಿಗೆ ಮೋಸ ಮಾಡುತ್ತಿತ್ತು, ಅಷ್ಟೇ.

ಇದನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ಮಗ ವಿಕಾಸ್ ಒಂದು ಷರತ್ತು ಹಾಕಿ ಕೂತಿದ್ದ. "ಅಮ್ಮ, ಅಪ್ಪಂಗೆ ಲೈಸೆನ್ಸ್ ಇರೋವರೆಗೂ ನೀವು ಆ ಮನೇಲಿರಿ, ನಾನೇನೂ ಹೇಳಲ್ಲ. ಲೈಸೆನ್ಸ್ ಹೋದ ದಿನ ಮನೆ ಮಾರಿ ಸೀನಿಯರ್ ಹೋಮ್‌ಗೆ ಶಿಫ್ಟ್ ಆಗ್ಬೇಕು. ಆ ಗುಡ್ಡದ ಮೇಲೆ ಕಾರಿಲ್ದೆ ಏನ್ಮಾಡ್ತೀರಾ?"

ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಅವನಿಗೂ ಈಗ ನಲವತ್ತೊಂಬತ್ತು, ಬೆನ್ನುನೋವು. ಕೊಲ್ಲಿಯ ಆಚೆ, ಮೆನ್ಲೋ ಪಾರ್ಕಿನಲ್ಲಿ ಎರಡು ರೂಮಿನ ಅಪಾರ್ಟ್‌ಮೆಂಟು. ಎರಡನೇ ರೂಮಿನಲ್ಲಿ ಆಗಲೇ ಅವನ ಅತ್ತೆ ಮಲಗಿದ್ದರು, ಎದ್ದು ಓಡಾಡುವಂತಿರಲಿಲ್ಲ. ಅವನೂ ಒಬ್ಬನೇ ಮಗ, ಅವನ ಹೆಂಡತಿ ಸಿಂಧುವೂ ಒಬ್ಬಳೇ ಮಗಳು. ಇಬ್ಬರ ತಲೆಯ ಮೇಲೆ ಮೂವರು ಮುದುಕರು. ಅವನು ಯಾರನ್ನು ಎತ್ತಿಕೊಳ್ಳಬೇಕು, ಯಾರನ್ನು ಇಳಿಸಬೇಕು?

ಇನ್ನು ಬೀದಿಯನ್ನು ನೆಚ್ಚಿಕೊಳ್ಳೋಣವೆಂದರೆ ಬೀದಿಯೇ ಮುದಿಯಾಗಿತ್ತು. ಅವರು ಬಂದ ಕಾಲದಲ್ಲಿ ಸಂಜೆಯಾದರೆ ಮಕ್ಕಳ ಸೈಕಲ್ಲುಗಳಿಗೆ ಜಾಗ ಬಿಟ್ಟು ಕಾರು ಓಡಿಸಬೇಕಿತ್ತು. ಆ ಮಕ್ಕಳು ಬೆಳೆದು ಹೋದರು. ಈ ಬೆಲೆಗೆ ಇಲ್ಲಿ ಮನೆ ಕೊಂಡು ಹೊಸದಾಗಿ ಮಕ್ಕಳನ್ನು ಹೆರುವ ಧೈರ್ಯ ಯಾರಿಗೂ ಬರಲಿಲ್ಲ. ಕೆಳಗಿನ ಶಾಲೆ ಮಕ್ಕಳಿಲ್ಲದೆ ಬಾಗಿಲು ಹಾಕಿತು, ಹತ್ತುವವರಿಲ್ಲದೆ ಬಸ್ಸು ನಿಂತಿತು. ಎಡಮನೆಯಾತ ಆಮ್ಲಜನಕದ ನಳಿಕೆ ಹಾಕಿಕೊಂಡು ಗುಲಾಬಿಗೆ ನೀರು ಹಾಕುತ್ತಿದ್ದ. ಮನೆಗೆಲಸಕ್ಕೆಂದು ಏಜೆನ್ಸಿಯವರು ಬಹಳ ಕಾಯಿಸಿ ಕಳಿಸಿಕೊಟ್ಟ ಹೆಂಗಸಿಗೇ ಅರವತ್ತೆಂಟು. ಬಗ್ಗಿದರೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಊರ್ಮಿಳಾ ಅವಳಿಗೆ ಕಾಫಿ ಮಾಡಿಕೊಟ್ಟು, ಕಾಲಿಗೆ ಎಣ್ಣೆ ಕೊಟ್ಟು, ಎರಡೇ ವಾರಕ್ಕೆ ಕಳಿಸಿಬಿಟ್ಟಳು. ಬಾಡಿಗೆ ಕಾರಿನ ಮಾತೆತ್ತಿದರೆ ಆನಂದತೀರ್ಥರು, "ನಾನೇನು ರೋಗಿನಾ?" ಎಂದು ಊಟ ಬಿಟ್ಟು ಏಳುತ್ತಿದ್ದರು.

ಅವಳೇ ಓಡಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಬಂದ ಹೊಸತರಲ್ಲಿ ಕಲಿಯಲು ಹೊರಟಿದ್ದಳು. ಮೂರನೆಯ ದಿನ ಗರಾಜಿನ ಬಾಗಿಲಿಗೆ ಗುದ್ದಿದಳು. "ಬಿಡು ಊರ್ಮಿ, ನಾನಿದೀನಲ್ಲ" ಎಂದಿದ್ದರು ಅವರು, ಪ್ರೀತಿಯಿಂದಲೇ. ಅವಳೂ ಬಿಟ್ಟಳು. ಪ್ರೀತಿಯಿಂದ ಹೇಳಿದ ಮಾತು ಇಷ್ಟು ವರ್ಷಗಳಾದ ಮೇಲೆ ಹೀಗೆ ಕೊರಳಿಗೆ ಬೀಳಬಹುದೆಂದು ಆಗ ಹೊಳೆಯಲಿಲ್ಲ.

ಸೀನಿಯರ್ ಹೋಮನ್ನು ವಿಕಾಸ್ ಒಮ್ಮೆ ತೋರಿಸಿಕೊಂಡು ಬಂದಿದ್ದ. ಹೂದಾನಿ, ಪಿಯಾನೊ, ಮೆತ್ತನೆಯ ಜಮಖಾನೆ, ಯಾವುದಕ್ಕೂ ಕಡಿಮೆ ಇರಲಿಲ್ಲ. ರೂಮಿನಲ್ಲಿ ಒಲೆ ಮಾತ್ರ ಇರಲಿಲ್ಲ. "ಒಗ್ಗರಣೆ?" ಎಂದು ಕೇಳಿದ್ದಕ್ಕೆ ವಿಕಾಸ್ ಛಾವಣಿಯ ಹೊಗೆ ಅಲಾರಮ್ಮನ್ನು ತೋರಿಸಿ ನಕ್ಕ. ಅವಳಿಗೆ ನಗು ಬರಲಿಲ್ಲ. ಹೊರಗೆ ಹೋಗುವ ಬಾಗಿಲಿಗೆ ಅಂಕಿ ಒತ್ತುವ ಬೀಗವಿತ್ತು. ಆ ಅಂಕಿ ಅಲ್ಲಿ ಇರುವವರಿಗೆ ಗೊತ್ತಿರಲಿಲ್ಲ. ಮನೆಗೆ ಬಂದವಳೇ ಒಲೆ ಹಚ್ಚಿ, ಬೇಕಿಲ್ಲದಿದ್ದರೂ ಸಾಸಿವೆ ಸಿಡಿಸಿ, ಅದರ ಮುಂದೆ ನಿಂತು ಅತ್ತಳು.

ಲೈಸೆನ್ಸ್ ನವೀಕರಿಸುವ ಕಾಲ ಹತ್ತಿರ ಬಂದಾಗ ಉಪಾಯ ಹೊಳೆದದ್ದು ಅವಳಿಗೇ. ತನ್ನ ಗುರುತಿನ ಚೀಟಿ ಮಾಡಿಸಲು ಲೈಸೆನ್ಸ್ ಕೊಡುವ ಆಫೀಸಿಗೇ ಹೋಗಿ ಬೆಂಚಿನ ಮೇಲೆ ಕಾದು ಕೂತಿದ್ದಳು. ಕಣ್ಣು ಪರೀಕ್ಷೆಯ ಅಕ್ಷರಪಟಗಳು ಕೌಂಟರುಗಳ ಮೇಲೆ ಎಲ್ಲರಿಗೂ ಕಾಣುವಂತೆ ನೇತಾಡುತ್ತಿದ್ದವು. ಮೂರು ಬಗೆಯವು. ಅವಳ ಅಪ್ಪ ಮೈಸೂರಿನ ಅಗ್ರಹಾರದಲ್ಲಿ ಮಕ್ಕಳಿಗೆ ಬಾಯಿಪಾಠ ಹೇಳಿಕೊಡುತ್ತಿದ್ದವರು. ಕಿವಿಗೆ ಬಿದ್ದದ್ದನ್ನು, ಕಣ್ಣಿಗೆ ಬಿದ್ದದ್ದನ್ನು ಬಿಡದೆ ಹಿಡಿಯುವ ಬುದ್ಧಿ ಅವಳಿಗೆ ಅಲ್ಲಿಂದಲೇ ಬಂದದ್ದು. ತನ್ನ ಸರದಿ ಬರುವ ಹೊತ್ತಿಗೆ ಮೂರೂ ಪಟಗಳು ಅವಳ ನಾಲಿಗೆಯ ಮೇಲಿದ್ದವು.

ಆಮೇಲೆ ಮನೆಯಲ್ಲಿ ಪಾಠ ಶುರುವಾಯಿತು. ಅವಳು ಚಪಾತಿ ಲಟ್ಟಿಸುತ್ತ ಒಂದು ಸಾಲು ಹೇಳುವುದು, ಅವರು ಡೈನಿಂಗ್ ಟೇಬಲ್ಲಿನಿಂದ ಒಪ್ಪಿಸುವುದು. "ಎಫ್, ಝಡ್, ಬಿ, ಡಿ, ಇ." ಮಗ್ಗಿಯ ರಾಗದಲ್ಲಿ. ಮುಂದಿನಿಂದ ಹಿಂದೆ, ಹಿಂದಿನಿಂದ ಮುಂದೆ, ಯಾವ ಸಾಲು ಕೇಳಿದರೆ ಆ ಸಾಲು. ಒಂದೊಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು. ತಪ್ಪಿದರೆ ಲಟ್ಟಣಿಗೆ ಮಣೆಗೆ ಕುಟ್ಟಿ, "ಮೊದಲಿಂದ ಹೇಳಿ" ಎನ್ನುವಳು. ಬಹಳ ದಿನದ ಮೇಲೆ ಆ ಮನೆಯಲ್ಲಿ ಇಬ್ಬರೂ ಸೇರಿ ನಕ್ಕಿದ್ದರು. ಕಣ್ಣಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಆಫೀಸಿನಲ್ಲಿ ಕೌಂಟರಿನವಳೂ ತಲೆನೆರೆತ ಹೆಂಗಸೇ. ಅವಳ ಮುಂದೆ ನಿಲ್ಲುವ ಹೊತ್ತಿಗೆ ಊರ್ಮಿಳಾ ಗಂಡನ ಕೋಟಿನ ಕಾಲರ್ ಸರಿಪಡಿಸುತ್ತ ಕನ್ನಡದಲ್ಲಿ, "ಎರಡನೇದು" ಎಂದಳು.

ಏನಂದರು ನಿಮ್ಮ ಹೆಂಡತಿ ಎಂದು ಕೌಂಟರಿನವಳು ನಗುತ್ತ ಕೇಳಿದಳು. ಒಳ್ಳೆಯದಾಗಲಿ ಎಂದಳು ಎಂದರು ಆನಂದತೀರ್ಥರು, ಅವರ ಠೀವಿಯ ಇಂಗ್ಲಿಷಿನಲ್ಲಿ. ಆಮೇಲೆ ಅವಳು ಕೇಳಿದ ಕೂಡಲೇ ಎರಡನೇ ಪಟದ ನಾಲ್ಕನೇ ಸಾಲನ್ನು ನಿಲ್ಲಿಸದೆ ಓದಿಬಿಟ್ಟರು. ಆ ಹೆಂಗಸು ನಿಮ್ಮ ವಯಸ್ಸಿಗೆ ಎಂಥ ಕಣ್ಣು ಎಂದಳು. ಐದು ವರ್ಷಕ್ಕೆ ಲೈಸೆನ್ಸ್ ಬಂತು. ಸಂಜೆ ಊರ್ಮಿಳಾ ಹಯಗ್ರೀವ ಮಾಡಿ ದೇವರ ಮುಂದಿಟ್ಟಳು. ದೇವರನ್ನೂ ಈ ಕಳ್ಳತನಕ್ಕೆ ಸೇರಿಸಿಕೊಂಡೆನಲ್ಲ ಎಂದು ಅವಳಿಗೆ ಆಗಲೇ ಒಂದು ಅಳುಕಿತ್ತು.

ಐದು ವರ್ಷ ಎಂದರೆ ಏನೆಂದು ಅವಳಿಗೆ ಅರ್ಥವಾದದ್ದು ಆಮೇಲೆ. ಜ್ವರ ಬಂದರೂ ಅವಳು ಕಾರು ಹತ್ತಬೇಕು, ಏಕೆಂದರೆ ಅವರು ಹತ್ತುತ್ತಾರೆ. ಅವಳು ತೂಕಡಿಸುವಂತಿಲ್ಲ, ಸೀನುವಂತಿಲ್ಲ. ಮೈಸೂರಿನಲ್ಲಿ ಅಕ್ಕ ಹಾಸಿಗೆ ಹಿಡಿದು, "ಒಂದ್ಸಲ ಬಂದು ಹೋಗೇ" ಎಂದು ಫೋನಿನಲ್ಲಿ ಅತ್ತಳು. ನಾನು ಹೋದರೆ ಇವರು ಒಬ್ಬರೇ ಕೀಲಿಕೈ ತೆಗೆದುಕೊಳ್ಳುತ್ತಾರೆ ಎಂದು ಅಕ್ಕನಿಗೆ ಹೇಳುವುದು ಹೇಗೆ? ವೀಸಾ, ಟಿಕೆಟ್ಟು, ಕಾಲುನೋವು ಎಂದು ಏನೇನೋ ಹೇಳಿದಳು. ಅಕ್ಕ ಹೋಗಿಬಿಟ್ಟಳು. ಆ ಸುದ್ದಿ ಬಂದ ಬೆಳಿಗ್ಗೆಯೂ ಆನಂದತೀರ್ಥರಿಗೆ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟು ಇತ್ತು. ಕಣ್ಣೀರು ತುಂಬಿದರೆ ಸಿಗ್ನಲ್ ಮಂಜಾಗುತ್ತದೆಂದು ಅವಳು ದಾರಿಯುದ್ದಕ್ಕೂ ಅಳದೆ ಕೂತಳು. ಅವಳು ಈ ಬಾಳಿನಲ್ಲಿ ಯಾವುದನ್ನೂ ಅಷ್ಟು ದ್ವೇಷಿಸಿರಲಿಲ್ಲ, ಆ ಬಲಗಡೆಯ ಸೀಟನ್ನು ದ್ವೇಷಿಸಿದಷ್ಟು.

ಅವರಿಗೋ, ಹೆಂಡತಿಯ ಕಣ್ಣು ತಮ್ಮದೇ ಎಂಬ ಹಾಗೆ ರೂಢಿಯಾಗಿಬಿಟ್ಟಿತ್ತು. "ಸ್ವಲ್ಪ ಮುಂಚೇನೇ ಹೇಳ್ಬಾರ್ದಾ?" ಎಂದು ಗದರುವುದೂ ಶುರುವಾಗಿತ್ತು.

ಇವತ್ತು ಗ್ರೋಸರಿ ಮುಗಿಸಿಕೊಂಡು ಬರುತ್ತಿದ್ದರು. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅವಳ ಫೋನು ಬಡಿದುಕೊಂಡಿತು. ವಿಕಾಸ್.

"ಅಮ್ಮ, ಮೀಟಿಂಗು ಕ್ಯಾನ್ಸಲ್ ಆಯ್ತು, ಅದಕ್ಕೆ ಮಾಡ್ದೆ. ಎಲ್ಲಿದೀರಾ?"

"ಗ್ರೋಸರಿಗೆ ಬಂದಿದ್ವಿ ಕಣೋ. ವಾಪಸ್ ಹೋಗ್ತಿದೀವಿ."

"ಅಪ್ಪ ಡ್ರೈವಿಂಗ್ ಹೇಗಿದೆ? ನಿಜ ಹೇಳು."

"ಚೆನ್ನಾಗೇ ಓಡಿಸ್ತಿದಾರಪ್ಪ. ನಿಂಗ್ಯಾಕೆ ಚಿಂತೆ?" ಎಂದಳು. ಹಾಗೆ ಹೇಳುತ್ತಲೇ ಮೇಲಿನ ದೀಪ ಬದಲಾದದ್ದನ್ನು ಕಂಡು, ಫೋನು ಕಿವಿಯಲ್ಲಿಟ್ಟುಕೊಂಡೇ, ಅಭ್ಯಾಸಬಲದಿಂದ, "ಹಸಿರು" ಎಂದಳು.

ಕಾರು ಹೊರಟಿತು. ಅವಳು ದೀಪವನ್ನು ನೋಡಿದ್ದಳು, ರಸ್ತೆಯನ್ನು ನೋಡಿರಲಿಲ್ಲ. ಬಿಳಿ ಪಟ್ಟೆಗಳ ಮೇಲೆ, ಅವರ ಕಾರಿನ ಎದುರಿಗೇ, ಗಾಲಿಯ ವಾಕರ್ ತಳ್ಳಿಕೊಂಡು ಒಬ್ಬ ಮುದುಕಿ ಇನ್ನೂ ದಾಟುತ್ತಿದ್ದಳು.

"ನಿಲ್ಸಿ!"

ಕಾರು ಎಗರಿ ನಿಂತಿತು. ಬಂಪರು ವಾಕರಿಗೆ ತಗುಲಿತು. ವಾಕರ್ ಮಗುಚಿ, ಅದರ ಬುಟ್ಟಿಯಲ್ಲಿದ್ದ ಕಿತ್ತಳೆ ಹಣ್ಣುಗಳು ರಸ್ತೆಯ ತುಂಬ ಉರುಳಿದವು. ಮುದುಕಿ ಬೀಳಲಿಲ್ಲ. ಕಾರಿನ ಬಾನೆಟ್ಟಿನ ಮೇಲೆ ಎರಡೂ ಕೈ ಊರಿಕೊಂಡು ನಿಂತಳು. ಗಾಜಿನ ಆಚೆ ಅವಳ ಮುಖ, ಈಚೆ ಆನಂದತೀರ್ಥರ ಮುಖ.

ಊರ್ಮಿಳಾ ಫೋನು ಎಸೆದು ಇಳಿದು ಓಡಿದಳು. ವಾಕರ್ ಎತ್ತಿ ನಿಲ್ಲಿಸಿದಳು, ಮುದುಕಿಯನ್ನು ತೋಳು ಹಿಡಿದು ಆಚೆ ದಾಟಿಸಿದಳು, ಕಿತ್ತಳೆ ಹೆಕ್ಕಿ ತಂದುಕೊಟ್ಟಳು. ಮುದುಕಿ ಅವಳ ಕೈಯನ್ನು ತಟ್ಟುತ್ತಿದ್ದಳು. ಏಟಾಗಿಲ್ಲ, ಏನೂ ಆಗಿಲ್ಲ ಎಂದಳು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಕ್ಷಮಿಸಿ, ನಾನು ಬಹಳ ನಿಧಾನ, ಈ ದೀಪ ನನಗೆ ಯಾವತ್ತೂ ಸಾಲುವುದಿಲ್ಲ ಎಂದೂ ಅಂದಳು. ಊರ್ಮಿಳಾಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ದೀಪ ಎಷ್ಟು ಹೊತ್ತು ಉರಿಯಬೇಕೆಂದು ಲೆಕ್ಕ ಹಾಕಿದವರು ಕಾರಿನಲ್ಲಿ ಕೂತಿದ್ದರು. ಆನಂದತೀರ್ಥರು ನಿವೃತ್ತರಾಗುವವರೆಗೂ ಸಿಗ್ನಲ್ ಇಂಜಿನಿಯರು. ನಲವತ್ತರ ಹರೆಯದಲ್ಲಿ ಈ ರಸ್ತೆಯನ್ನು ತಾವೇ ಚಕಚಕನೆ ದಾಟಿ ನೋಡಿ, ಸಾಕು ಇಷ್ಟು ಹೊತ್ತು ಎಂದು ಬರೆದುಕೊಂಡಿದ್ದರು. ಆಗ ಈ ಊರಿನಲ್ಲಿ ಎಲ್ಲರೂ ಹಾಗೇ ದಾಟುತ್ತಿದ್ದರು.

ಅವಳು ಬಂದು ಬಾಗಿಲು ಹಾಕಿಕೊಂಡಳು.

"ಏನದು? ಯಾರದೋ ಶಾಪಿಂಗ್ ಕಾರ್ಟಾ?" ಎಂದರು ಅವರು.

ಅವಳು ಗಂಡನನ್ನೇ ನೋಡಿದಳು. ಒಬ್ಬ ಹೆಂಗಸು ಅವರೆದುರು, ಮಾರು ದೂರದಲ್ಲಿ, ಬಾನೆಟ್ಟಿನ ಮೇಲೆ ಕೈಯೂರಿ ನಿಂತಿದ್ದಳು. ಅವರಿಗೆ ಅವಳು ಕಂಡೇ ಇರಲಿಲ್ಲ.

"ಹೆಂಗಸು," ಎಂದಳು. "ನನಗಿಂತ ವಯಸ್ಸಾದೋರು. ಸಾಯ್ತಿದ್ರು."

ಅವರು ಸಣ್ಣ ದನಿಯಲ್ಲಿ, "ನೀನೇ ಅಲ್ವಾ ಹಸಿರು ಅಂದಿದ್ದು?" ಎಂದರು.

ಹೌದು. ಅವಳೇ ಅಂದದ್ದು. ಅಕ್ಷರ ಉರುಹೊಡೆಸಿದ್ದೂ ಅವಳೇ, ಎರಡನೇದು ಅಂದದ್ದೂ ಅವಳೇ, ಚೆನ್ನಾಗೇ ಓಡಿಸುತ್ತಾರೆ ಅಂದದ್ದೂ ಅವಳೇ. ಎದೆಯೊಳಗೆ ಕೋಪ ಉರಿಯುತ್ತಿತ್ತು. ಆದರೆ ಅದರಲ್ಲಿ ಅವರ ಪಾಲೆಷ್ಟು, ತನ್ನ ಪಾಲೆಷ್ಟು ಎಂದು ಬಿಡಿಸಲು ಅವಳಿಗೆ ಆಗಲಿಲ್ಲ. ಹಿಂದಿನ ಕಾರಿನವರು ಹಾರನ್ ಮಾಡಿದರು. ಕಾರು ಮೆಲ್ಲಗೆ ಹೊರಟಿತು.

ಮುಂದಿನ ಸಿಗ್ನಲ್ಲಿನಲ್ಲಿ, ರಸ್ತೆಯ ಅಂಚಿನ ಕಾರುಗಳ ಸಾಲಿನಲ್ಲಿ, ಅವಳು "ಕೆಂಪು, ನಿಲ್ಸಿ" ಎಂದಳು. ಅವರು ನಿಲ್ಲಿಸಿದರು. ದೀಪ ಹಸಿರಾಯಿತು. ಅವಳು ಮಾತಾಡಲಿಲ್ಲ.

ಪಕ್ಕದ ಕಾರುಗಳು ಹೋದವು. ಹಿಂದೆ ಹಾರನ್ನು.

"ಊರ್ಮಿ, ಏನು ಬಣ್ಣ?"

"ನೀವೇ ನೋಡಿ ಹೇಳಿ."

"ಆಟ ಆಡ್ಬೇಡ. ಹಿಂದೆ ಹಾರನ್ ಹೊಡೀತಿದಾರೆ."

"ಹೊಡೀಲಿ. ನೀವೇ ಹೇಳಿ, ನಾನಿನ್ನು ಹೇಳಲ್ಲ."

ಅವರು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಕತ್ತು ಮುಂದಕ್ಕೆ ಚಾಚಿದರು. ತಲೆಯನ್ನು ಎಡಕ್ಕೆ ತಿರುಗಿಸಿ ಓರೆಯಲ್ಲಿ ನೋಡಿದರು, ಬಲಕ್ಕೆ ತಿರುಗಿಸಿ ನೋಡಿದರು. ಬಿಸಿಲಲ್ಲಿ ಅವರ ಕಣ್ಣಿನಿಂದ ನೀರಿಳಿಯುತ್ತಿತ್ತು. ಅವಳಿಗೆ ಹೇಳಿಬಿಡಬೇಕೆನಿಸಿತು. ಒಂದೇ ಮಾತು, ಮನೆ, ಒಲೆ, ಎಲ್ಲ ಉಳಿಯುತ್ತದೆ. ತುಟಿ ಕಚ್ಚಿಕೊಂಡಳು.

"ಕಾಣಲ್ಲ ಕಣೇ," ಎಂದರು ಆನಂದತೀರ್ಥರು.

ಅವಳು ಕೈಚಾಚಿ ಎಂಜಿನ್ ಆರಿಸಿದಳು, ಮಿಣುಕು ದೀಪ ಹಾಕಿದಳು. ಕಾಲಬುಡದಲ್ಲಿ ಬಿದ್ದಿದ್ದ ಫೋನು ಹುಡುಕಿ ತೆಗೆದಾಗ ಅದರೊಳಗಿಂದ ವಿಕಾಸನ ದನಿ, "ಅಮ್ಮ, ಅಮ್ಮ" ಎನ್ನುತ್ತಲೇ ಇತ್ತು. ಅವನು ಎಲ್ಲ ಕೇಳಿಸಿಕೊಂಡಿದ್ದ.

"ಬಂದು ನಮ್ಮನ್ನ ಕರ್ಕೊಂಡು ಹೋಗಪ್ಪ," ಎಂದಳು.

"ಹೊರಟೆ," ಎಂದ ಅವನು. "ಅಲ್ಲೇ ಇರಿ." ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮೆನ್ಲೋ ಪಾರ್ಕಿನಿಂದ ಸೇತುವೆ ದಾಟಿ ಬರಬೇಕು.

ಕಾರುಗಳು ಅವರನ್ನು ಬಳಸಿಕೊಂಡು ಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಸೊಪ್ಪು ಬಿಸಿಲಿಗೆ ಬಾಡಿ ವಾಸನೆ ಬರತೊಡಗಿತ್ತು. ಬಹಳ ದಿನದ ಮೇಲೆ ಅವಳು ಕಿಟಕಿಯ ಕಡೆ ತಿರುಗಿ ಗುಡ್ಡವನ್ನು ನೋಡಿದಳು. ಆನಂದತೀರ್ಥರು ಅವಳ ಕೈಗಾಗಿ ತಡವರಿಸಿ, ಸಿಕ್ಕ ಮೇಲೆ ಬಿಡದೆ ಹಿಡಿದುಕೊಂಡರು.

"ಈಗ ಏನು ಬಣ್ಣ?" ಎಂದು ಕೇಳಿದರು.

"ಹಸಿರು," ಎಂದಳು. ಇಬ್ಬರೂ ಅಲ್ಲೇ ಕೂತಿದ್ದರು.