ಯೂನುಸನ ಚಾಲಚಲನ

ಶಂಕ್ರಮ್ಮ ಟೀಚರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆದರೂ ಮಕ್ಕಳ ಮುಖ ಕಂಡರೆ ಸಾಕು, ಹಣೆಬರಹ ಓದಿಬಿಡುತ್ತೇನೆಂಬ ಹಮ್ಮು. ಈ ವಿದ್ಯೆ ಆಕೆ ಕಲಿತದ್ದು ಅಜ್ಜಿ ಮಾಳಮ್ಮನ ಕತೆಗಳಿಂದ. ಅಲ್ಲಿಯ ಕಳ್ಳನ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಹೆದರಿಕೆ ಅವನಿಗೆ ಗೊತ್ತಿಲ್ಲ, ಸುಳ್ಳು ಬಾಯಲ್ಲಿ ಬೆಲ್ಲದ ಹಾಗೆ ಕರಗುತ್ತದೆ.

ಏಳನೇ ತರಗತಿಯ ಯೂನುಸನಲ್ಲಿ ಮೂರೂ ಇದ್ದವು. ಹದಿನಾಲ್ಕರ ಪೋರ ಬಾವಿಯ ದಂಡೆಯಿಂದ ತಲೆಕೆಳಗಾಗಿ ಜಿಗಿಯುತ್ತಿದ್ದ. ಬರೆಯದ ಲೆಕ್ಕಗಳನ್ನೆಲ್ಲ ಅವನ ಮನೆಯ ಆಡೇ ತಿನ್ನುತ್ತಿತ್ತು.

ಸುರಪುರ ಮೈಸೂರು ರಾಜ್ಯಕ್ಕೆ ಸೇರಿದ ಮೊದಲ ಬೇಸಿಗೆ. ಹೊಸ ರಾಜ್ಯದ ನಕಾಶೆ ಶಾಲೆಗೆ ಬಂದು ವಾರವಾಗುವುದರೊಳಗೆ ಗೋಡೆಯಿಂದ ಮಾಯವಾಯಿತು. ನಿಜಾಮರ ಕಾಲದ ರಿಜಿಸ್ಟರಿನಲ್ಲಿ ಹುಡುಗರ ನಡತೆ ಬರೆಯಲು 'ಚಾಲಚಲನ' ಎಂಬ ಖಾನೆ ಇತ್ತು. ಶಂಕ್ರಮ್ಮ ಯೂನುಸನ ಹೆಸರಿನ ಮುಂದೆ ದುಂಡಗೆ ಬರೆದಳು: "ನಕಾಶೆ ಕದ್ದಿರುತ್ತಾನೆ. ದೊಡ್ಡ ಕಳ್ಳನಾಗುವ ಲಕ್ಷಣಗಳಿವೆ." ಮರುದಿನ ಅದರ ನಕಲು ಶಹಾಪುರದ ಹೈಸ್ಕೂಲಿಗೆ ಹೋಗಬೇಕು. ನಡತೆ ಕೆಟ್ಟದ್ದೆಂದರೆ ಹಾಸ್ಟೆಲಿಲ್ಲ. ಹಾಸ್ಟೆಲಿಲ್ಲದಿದ್ದರೆ ಅವನ ಓದು ಅಲ್ಲಿಗೇ ಮುಗಿಯಿತು.

"ನಾ ಒಯ್ದಿಲ್ರಿ ಅಕ್ಕೋರೆ," ಎಂದ ಯೂನುಸ. "ಕದಿಯೂದಾಗಿದ್ರ ಸಾಲಿ ಗಂಟಿ ಒಯ್ತಿದ್ದೆ. ತೂಕಕ್ಕರ ಹೋಗ್ತದ."

ನೋಡು, ನಾಲಿಗೆಯೂ ನಡುಗುವುದಿಲ್ಲ! ಶಂಕ್ರಮ್ಮನಿಗೆ ನಾಲ್ಕನೆಯ ಲಕ್ಷಣವೂ ಸಿಕ್ಕಿತು.

ಸಂಜೆ ಮನೆಗೆ ಬಂದರೆ ಅಂಗಳದಲ್ಲಿ ಇಡೀ ಮೈಸೂರು ರಾಜ್ಯ ಹಾಸಿಕೊಂಡಿತ್ತು, ಮೇಲೆ ಸಂಡಿಗೆ, ಪಕ್ಕದಲ್ಲಿ ಅಜ್ಜಿ.

"ಆಯಿ! ಇದು ಇಲ್ಲಿಗಿ ಹೆಂಗ ಬಂತು?"

"ನೀನ ತಂದಿಯಲ್ಲ ಐತವಾರ! ನಾವೀಗ ಹೈದ್ರಾಬಾದಿನಾಗ ಇಲ್ಲ, ಇಲ್ಲಿ ಬಂದೀವಿ ಅಂತ ಬಟ್ಟ ಇಟ್ಟು ತೋರ್ಸಿದಿ. ಹಿಂದ ಅರಿವಿ ಹಚ್ಯಾರ, ಗಟ್ಟಿ ಅದ, ಅದಕ್ಕ ಸಂಡಿಗಿ ಹಾಕ್ದೆ."

ಶಂಕ್ರಮ್ಮ ಕಟ್ಟೆಯ ಮೇಲೆ ಕುಸಿದು, ಲಕ್ಷಣಗಳ ಪುರಾಣವನ್ನೆಲ್ಲ ಒಪ್ಪಿಸಿದಳು. ಮುದುಕಿ ಬಿದ್ದು ಬಿದ್ದು ನಕ್ಕಳು.

"ಏ ಹುಚ್ಚಿ, ಅದ ಕಳ್ಳ ಕಡೀಕ ಊರು ಉಳಿಸ್ತಾನ. ನಿನಗೆಲ್ಲಿ ಗೊತ್ತಿರಬೇಕು? ಅರ್ಧ ಕತಿಗೇ ಗೊರಕಿ ಹೊಡೀತಿದ್ದಿ."

ಅರ್ಧ ಕತೆಯ ಪಂಡಿತೆ ಮುಂಜಾನೆ ಹೆಡ್‌ಮಾಸ್ಟರ್ ದಸ್ತಗೀರಸಾಬರ ಮುಂದೆ ನಿಂತು, ಬರೆದದ್ದನ್ನು ಅಳಿಸಬೇಕೆಂದಳು.

"ಆ ಸಾಲು ಹೊಡದ್ ಹಾಕ್ರಿ, ಶಂಕ್ರಮ್ಮಬಾಯಿ," ಎಂದರು ಅವರು. "ಆದ್ರ ದಸ್ತೂರ ಅದ. ಬಾಜೂಕ ಕಾರಣ ಬರ್ದು ಸಹಿ ಮಾಡ್ಬೇಕು."

'ಕೈತಪ್ಪು' ಎಂಬ ಮರ್ಯಾದೆಯ ಮಾತು ಲೇಖನಿಯ ತುದಿಗೆ ಬಂತು. ಬಾಗಿಲಲ್ಲಿ ಯೂನುಸ ಒಂಟಿಗಾಲಲ್ಲಿ ನಿಂತಿದ್ದ. ಶಂಕ್ರಮ್ಮ ಬರೆದಳು: "ನಕಾಶೆ ಒಯ್ದವಳು ನಾನೇ. ಮರೆತಿದ್ದೆ. ಹುಡುಗನ ನಡತೆ ಉತ್ತಮ."

ದಸ್ತಗೀರಸಾಬರು ಓದಿ ಮೀಸೆಯಲ್ಲೇ ನಕ್ಕರು. "ಮಾಸ್ತರರ ಚಾಲಚಲನಕ್ಕ ಖಾನಿ ಇಲ್ಲ ಬಾಯಿ. ನಿಮ್ಮ ನಸೀಬ ಚಲೋ ಅದ."

ನಕಲಿನ ಲಕೋಟೆ ಹಿಡಿದ ಯೂನುಸ ಮೆಟ್ಟಿಲು ಬಿಟ್ಟು ಕಟ್ಟೆಯಿಂದಲೇ ಹಾರಿ, ಶಹಾಪುರದ ಬಸ್ಸಿನತ್ತ ಓಡಿದ. ಇದು ಎಷ್ಟನೆಯ ಲಕ್ಷಣವೆಂದು ಎಣಿಸಹೊರಟ ಶಂಕ್ರಮ್ಮ ನಾಲಿಗೆ ಕಚ್ಚಿಕೊಂಡಳು.