ಕೆಳಗಿಟ್ಟ ಕಾಫಿ

ಟ್ಯುನಿಸ್‌ನಿಂದ ಉದ್ಯಮ ಕಲಿಯಲೆಂದು ಜೋರ್ಡಾನಿಗೆ ಬಂದ ದೊರ್ರಾಳ ಹತ್ತಿರ ಇದ್ದದ್ದು ಬಂಡವಾಳವಲ್ಲ, ಬರೀ ಭಂಡತನ. ಕರಕ್ ಊರಿನ ಜಮೀದನ್ನು, ಅಂದರೆ ಕಲ್ಲಿನಂತೆ ಒಣಗಿಸಿದ ಮೊಸರುಂಡೆಯನ್ನು, ಪುಡಿಮಾಡಿ ಪೊಟ್ಟಣದಲ್ಲಿ ಮಾರುವುದು ಅವಳ ಯೋಜನೆ. ಮಾಲು ಕೊಡಲು ಯಾರಾದರೂ ಒಪ್ಪಲೇಬೇಕು. ಇಲ್ಲದಿದ್ದರೆ ಪರೀಕ್ಷೆಯಲ್ಲಿ ಅವಳೇ ಪುಡಿಪುಡಿ.

ಬೆಳಗಿನಿಂದ ಅಂಗಡಿ ಅಂಗಡಿ ಹತ್ತಿಳಿದಿದ್ದಳು. ಹೋದಲ್ಲೆಲ್ಲ ಕಾಫಿ ಕೊಟ್ಟರು, ಗಟಗಟ ಕುಡಿದಳು, "ಹೋಗಿ ಬಾ ಮಗಳೇ" ಅಂದರು. ಕಾಫಿಯೂ ಮುಗಿಯಿತು, ಮಾತೂ ಮುಗಿಯಿತು. ಕೊನೆಗೆ ಜಮೀದಿಗೆ ಹೆಸರಾದ ಅಬು ಮಿಶಾಲ್ ಎಂಬ ಮುದುಕನ ಮನೆಗೆ ಬರುವಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ಉಳಿದದ್ದು ಉರಿ ಮಾತ್ರ.

ಮುದುಕ ತಾನೇ ಕಾಫಿ ಬಗ್ಗಿಸಿ ಕೊಟ್ಟ. ದೊರ್ರಾ ಕುಡಿಯಲಾರದೆ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

ಮುದುಕ ಬೆನ್ನು ನೆಟ್ಟಗೆ ಮಾಡಿ ಕೂತ. ಅವನ ಹೆಂಡತಿ ಉಮ್ ಮಿಶಾಲ್ ಪಿಸುಗುಟ್ಟಿದಳು: "ಅಯ್ಯೋ, ನಮ್ಮ ಮಗಳಿಗೆ ಸಂಬಂಧ ಕೇಳೋಕೆ ಬಂದಿದ್ದಾಳೇನ್ರೀ ಇವ್ಳು? ಅದೂ ಹಿರಿಯರನ್ನ ಬಿಟ್ಟು, ಲ್ಯಾಪ್‌ಟಾಪ್ ಹಿಡ್ಕೊಂಡು!"

"ಸುಮ್ನಿರೇ," ಎಂದ ಮುದುಕ. "ಕೇಳು ಮಗಳೇ, ಏನು ಬೇಕು?"

ಬೆಳಗಿನಿಂದ ಯಾರೂ ಹೀಗೆ ಕೇಳಿರಲಿಲ್ಲ. ದೊರ್ರಾಳಿಗೆ ಲ್ಯಾಪ್‌ಟಾಪ್ ತೆರೆಯುವುದೇ ಮರೆತುಹೋಯಿತು.

"ಜಮೀದ್ ಬೇಕು ಚಿಕ್ಕಪ್ಪ. ಪುಡಿ ಮಾಡಿ ಮಾರ್ತೀನಿ. ಬೇರೆಯವರೆಲ್ಲ ಆಗಲ್ಲ ಅಂದ್ರು."

"ಅಷ್ಟೇನಾ?" ಬಿಗಿದಿದ್ದ ಮೀಸೆ ಸಡಿಲವಾಯಿತು. "ಕೊಟ್ಟೆ. ಈಗ ಕುಡಿ."

"ಹೊಟ್ಟೆ ಉರೀತಿದೆ ಚಿಕ್ಕಪ್ಪ. ಅದಕ್ಕೇ ಕೆಳಗಿಟ್ಟೆ."

ಉಮ್ ಮಿಶಾಲ್ ನಕ್ಕು ನಕ್ಕು ಗೋಡೆ ಹಿಡಿದಳು. "ನಮ್ಮಲ್ಲಿ ದೊಡ್ಡದೇನಾದ್ರೂ ಕೇಳೋಕೆ ಬಂದೋರು ಕಾಫಿ ಮುಟ್ಟಲ್ಲ ಕಣೇ. 'ಕೊಟ್ಟೆ' ಅಂದ್ಮೇಲೇ ಕುಡಿಯೋದು. ಕಾಫಿ ಹಾಗೇ ಉಳಿದ್ರೆ ಮನೆಯವರ ಮಾನ ಹೋಗುತ್ತೆ. ಟ್ಯುನಿಸಲ್ಲಿ ಇದೆಲ್ಲ ಕಲಿಸಲ್ವಾ?"

"ಕಲಿಸಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಚಿಕ್ಕಮ್ಮ?"

ಕಣ್ಣು ಮುಚ್ಚಿ, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಇಳಿಸಿದಳು. ಮುದುಕ ಖುಷಿಯಿಂದ ಮತ್ತೆ ಬಗ್ಗಿಸಿದ. ದೊರ್ರಾ ಗಂಡಹೆಂಡತಿ ಇಬ್ಬರನ್ನೂ ನೋಡಿದಳು. ಲೋಟವನ್ನು ಟಪ್ಪೆಂದು ಸದ್ದಾಗುವಂತೆ ಕೆಳಗಿಟ್ಟಳು.

"ಮತ್ತೆ ಹೊಟ್ಟೆ ಉರಿನಾ?" ಎಂದ ಮುದುಕ.

"ಈ ಸಲ ಹೊಟ್ಟೆಕಿಚ್ಚು. ಜಮೀದ್ ಮಾಡೋದು ನಿಮಗೊಬ್ಬರಿಗೇ ಗೊತ್ತಿದ್ರೆ ಹೇಗೆ? ನನಗೂ ಕಲಿಸಿ."

ಮುದುಕ ಹೆಂಡತಿಯ ಮುಖ ನೋಡಿದ. ಜಮೀದಿಗೆ ಮಜ್ಜಿಗೆ ಕಡೆಯುವ ಕೈ ಅವಳದು. ಆ ವಿದ್ಯೆಯನ್ನು ಕೊಡುವ ಅಧಿಕಾರ ಅವನಿಗಿರಲಿಲ್ಲ.

"ಕಿಲಾಡಿ!" ಎಂದಳು ಉಮ್ ಮಿಶಾಲ್. "ನಾಳೆ ಬೆಳಿಗ್ಗೆ ಬಾ. ಲ್ಯಾಪ್‌ಟಾಪ್ ಮಡಚಿಟ್ಟು, ತೋಳು ಮಡಚ್ಕೊಂಡು ಬಾ. ಈಗ ಕುಡಿಯೇ, ಆರೋಗುತ್ತೆ!"