ಹದಿನೆಂಟನೆಯ ಮೈನಿನ ಬಿರಡೆ

೧

ಎಲ್ಲಿಂದ ಶುರು ಮಾಡಲಿ? ಬೋಟು ಹಡಗುಕಟ್ಟೆಯಿಂದ ನೀರಿಗಿಳಿದ ದಿನದಿಂದ ಶುರು ಮಾಡಿ ನಾಲ್ಕು ಪುಟ ಬರೆದಿದ್ದೆ. ಬ್ಯಾಂಡು, ಬಾವುಟ, ಯಾರದೋ ಉದ್ದನೆಯ ಭಾಷಣ. ಓದಿ ನೋಡಿದರೆ ನನಗೇ ಆಕಳಿಕೆ ಬಂತು, ಹರಿದು ಹಾಕಿದೆ. ಹೋಗಲಿ, ಮುಳುಗಿದ ದಿನದಿಂದ ಶುರು ಮಾಡೋಣವೆಂದರೆ, ಅದು ಮುಳುಗಿತೋ ಇಲ್ಲವೋ ಎಂಬುದೇ ಇಲ್ಲಿಯ ತಕರಾರು.

ಒಂದು ಜರ್ಮನ್ ಜಲಾಂತರ್ಗಾಮಿಯ ಯುದ್ಧಕಾಲದ ಬದುಕನ್ನು ಬರೆಯಲು ಕೂತವನು ನಾನು. ಮೊದಲ ಮಹಾಯುದ್ಧ, ೧೯೧೭ರ ಚಳಿಗಾಲ. ಟಾರ್ಪೆಡೊ ಹೊಡೆದು ಹೆಸರು ಮಾಡಿದ ಬೋಟಲ್ಲ ಇದು. ಶತ್ರುವಿನ ಬಂದರಿನ ಬಾಯಲ್ಲಿ, ಹಡಗು ತಾಗಿದರೆ ಸಿಡಿಯುವ ಮೈನು ಬಿತ್ತಿ ಸದ್ದಿಲ್ಲದೆ ವಾಪಸಾಗುವ ಬೋಟು. ಅಂಥವಕ್ಕೆ ಹೆಸರಿರಲಿಲ್ಲ, ನಂಬರಿತ್ತು. (ನನ್ನದರ ನಂಬರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕುತ್ತೀರಿ, ಸಿಗುವುದಿಲ್ಲ, ಆಮೇಲೆ ನನಗೆ ಬೈಯುತ್ತೀರಿ. ಇದು ನಾನೇ ಕಟ್ಟಿದ ಬೋಟು.) ಹತ್ತು ಸಲ ಹೋಯಿತು, ಹತ್ತು ಸಲ ಬಂತು. ಅದರ ಚರಿತ್ರೆ ಅಷ್ಟೇ. ಹನ್ನೊಂದನೆಯ ಸಲದ್ದು ಮಾತ್ರ ನನ್ನನ್ನು ಈ ಕುರ್ಚಿಯಿಂದ ಏಳಲು ಬಿಡುತ್ತಿಲ್ಲ.

೨

(ಈ ಭಾಗ ಸ್ವಲ್ಪ ಬೋರು. ಆದರೂ ಹಾರಿಸಬೇಡಿ, ಆಮೇಲೆ ನನ್ನನ್ನೇ ಕೇಳುತ್ತೀರಿ.)

ಬೋಟಿನಲ್ಲಿ ಇಪ್ಪತ್ತಾರು ಜನ, ಹದಿನೆಂಟು ಮೈನು. ಮೈನುಗಳನ್ನು ನೋಡಿಕೊಳ್ಳುವ ಕೆಲಸ ಹಾಬೊ ಫ್ರೇರಿಕ್ಸನದು. ಮೂವತ್ತೊಂದು ವರ್ಷ, ಮಾತು ಕಡಿಮೆ, ಜರ್ಮನಿಯ ಉತ್ತರ ಕರಾವಳಿಯ ಎಮ್ಡೆನ್ ಊರಿನವನು. ನಾನು ಮದುವೆಯಾಗಿ ಬಂದು ಇಪ್ಪತ್ತಾರು ವರ್ಷದಿಂದ ಬೇರೂರಿರುವುದೂ ಅದೇ ಊರಿನಲ್ಲಿ. ಹಾಗಾಗಿ ಅವನ ಮೊಂಡುತನ ನನಗೆ ಹೊಸದಲ್ಲ.

ಮೈನಿಗೆ ಲಂಗರು ಜೋಡಿಸಿರುತ್ತದೆ. ಬೋಟು ನೀರೊಳಗಿದ್ದುಕೊಂಡೇ ಎರಡನ್ನೂ ಕೊಳವೆಯಿಂದ ಕೆಳಕ್ಕೆ ಬಿಡುತ್ತದೆ, ಅವು ತಳದಲ್ಲಿ ಹೋಗಿ ಕೂರುತ್ತವೆ. ಮೈನು ಲಂಗರನ್ನು ಬಿಟ್ಟೇಳದಂತೆ ತಡೆಯುವುದು ಒಂದು ಬಿರಡೆ. ಸಕ್ಕರೆಯನ್ನು ಒತ್ತಿ ಗಟ್ಟಿ ಮಾಡಿದ ಬಿರಡೆ. (ಹೌದು ಸ್ವಾಮಿ, ಸಕ್ಕರೆ. ನನ್ನ ಬೋಟಿನಲ್ಲಿ ಸಕ್ಕರೆಯೇ.) ಮೈನು ಬಿಡುವಾಗ ಬಿರಡೆಯ ತಗಡಿನ ಮುಚ್ಚಳ ಕಳಚಿಕೊಳ್ಳುತ್ತದೆ. ಉಪ್ಪುನೀರು ತಾಗಿ ಅರ್ಧ ಗಂಟೆಯಲ್ಲಿ ಸಕ್ಕರೆ ಕರಗುತ್ತದೆ. ಆಗ ಮೈನು ಹಗ್ಗ ಬಿಚ್ಚಿಕೊಳ್ಳುತ್ತ ಮೇಲೆದ್ದು, ಹಡಗಿನ ಹೊಟ್ಟೆಗೆ ತಾಗುವ ಎತ್ತರದಲ್ಲಿ ನಿಂತು ಕಾಯುತ್ತದೆ. ಆ ಅರ್ಧ ಗಂಟೆ ಬೋಟಿಗೆ ಪಾರಾಗಲು ಇರುವ ಸಮಯ. ಬಿರಡೆ ಬೇಗ ಕರಗಿದರೆ ಮೈನು ಬಿಟ್ಟವರಿಗೇ ಬಡಿಯುತ್ತದೆ.

ಹನ್ನೊಂದನೆಯ ಸಲಕ್ಕೆ ಮೈನು ತುಂಬುವಾಗ, ಕಟ್ಟಕಡೆಗೆ ಬಿಡುವ ಹದಿನೆಂಟನೆಯ ಮೈನಿನ ಬಿರಡೆಯನ್ನು ಹಾಬೊ ಕದ್ದ. ಆ ಜಾಗಕ್ಕೆ ಅಡುಗೆಯ ಉಪ್ಪನ್ನು ಒತ್ತಿ ತಾನೇ ಮಾಡಿದ ಬಿರಡೆ ತುರುಕಿದ. ಮೈನು ಕೊಳವೆಗೆ ಇಳಿಯಿತು. ಸಕ್ಕರೆಯ ಬಿರಡೆಯನ್ನು ಕಾಲುಚೀಲದಲ್ಲಿ ಸುತ್ತಿಕೊಂಡು ಹಾಬೊ ನಾಲ್ಕು ದಿನದ ರಜೆಗೆ ಊರಿಗೆ ಹೊರಟ.

೩

ಯಾಕೆ ಕದ್ದ? ನಾನು ಬರೆದೆ: ಹಾಬೊನ ತಾಯಿ ಹಾಸಿಗೆ ಹಿಡಿದಿದ್ದಳು. ಸಾಯುವ ಮುಂಚೆ ಒಂದು ಬಟ್ಟಲು ಸಿಹಿ ಚಹಾ ಕುಡಿಸು ಮಗನೇ ಎಂದು ನಡುಗುವ ದನಿಯಲ್ಲಿ...

"ನಿಲ್ಸಿ ಮಾರಾಯ್ರೇ," ಎಂದ ಹಾಬೊ.

"ಯಾಕಪ್ಪಾ?"

"ನಮ್ಮಮ್ಮ ಗುಂಡುಕಲ್ಲು ಇದ್ದ ಹಾಗಿದ್ದಾಳೆ. ಮೊನ್ನೆ ಐಸ್ ಮೇಲೆ ನಡ್ಕೊಂಡು ಹೋಗಿ ಈಲು ಮೀನು ಹಿಡ್ಕೊಂಡು ಬಂದ್ಲು. ಅವಳನ್ನ ಯಾಕೆ ಸಾಯಿಸ್ತೀರಿ?"

"ಓದುವವರಿಗೆ ನಿನ್ನ ಮೇಲೆ ಕನಿಕರ ಬರಬೇಡವೇನೋ?"

"ಬರದಿದ್ರೆ ಬೇಡ. ನನಗೆ ಚಹಾ ಬೇಕಿತ್ತು. ಸಕ್ಕರೆ ಹಾಕಿದ ಚಹಾ. ಹೆಂಡ್ತಿ ಗೇಶೆ ಎದುರಿಗೆ ಕೂತ್ಕೊಂಡು ಮೂರು ಬಟ್ಟಲು. ಅಷ್ಟೇ ಬರೀರಿ."

ಇವನ ಜೊತೆ ಹೇಗೆ ಏಗಲಿ ಹೇಳಿ. ತಾಯಿಯನ್ನು ಹೊಡೆದು ಹಾಕಿದೆ. (ಸಾಲಿನಿಂದ, ಸಾಲಿನಿಂದ!)

೩, ಇನ್ನೊಮ್ಮೆ

ಹಾಬೊ ಹೇಳಿದಂತೆಯೇ ಬರೆಯುತ್ತೇನೆ. ಹೆಂಡತಿ ಗೇಶೆ ಬಟ್ಟಲಿಗೆ ಬಿಳಿಯ ತುಂಡು ಹಾಕಿ ಮೇಲೆ ಚಹಾ ಹುಯ್ದಳು. ನಮ್ಮೂರಿನಲ್ಲಿ ಚಹಾಕ್ಕೆ ಹಾಕುವ ಕಲ್ಲುಸಕ್ಕರೆಯಾಗಿದ್ದರೆ ಬಿಸಿ ತಾಗಿದೊಡನೆ ಚಟಚಟ ಎನ್ನಬೇಕು. ಇದು ಸದ್ದೇ ಮಾಡದೆ ಕರಗಿತು.

"ಇದೇನಿದು ಹಾಬೊ? ಸದ್ದೇ ಇಲ್ಲ."

"ಸಕ್ಕರೆ ಕಣೇ. ಕುಡಿ."

"ಎಲ್ಲಿಯ ಸಕ್ಕರೆ? ಪಾದ್ರಿ ಮನೇಲೂ ಸಕ್ಕರೆ ಇಲ್ಲ. ಮೂರು ತಿಂಗಳಿಂದ ಟರ್ನಿಪ್ ಗಡ್ಡೆ ಬೇಯಿಸಿ ಬೇಯಿಸಿ ನನ್ನ ತಲೆಗೂದಲೂ ಅದೇ ವಾಸನೆ ಹೊಡೀತಿದೆ. ನಿಂಗೆಲ್ಲಿ ಸಿಕ್ತು?"

ಚಹಾದ ಮುಂದೆ ಕೂತು ಸುಳ್ಳು ಹೇಳುವ ವಿದ್ಯೆ ನಮ್ಮೂರಿನವರಿಗೆ ಇಂದಿಗೂ ಬಂದಿಲ್ಲ. ಹಾಬೊ ಎಲ್ಲವನ್ನೂ ಒದರಿಬಿಟ್ಟ. ಗೇಶೆ ಬಟ್ಟಲನ್ನು ಕೆಳಗಿಟ್ಟಳು.

"ಉಪ್ಪು ಎಷ್ಟು ಹೊತ್ತು ತಡೆಯುತ್ತೆ?"

"ಗೊತ್ತಿಲ್ಲ. ಅರ್ಧ ಗಂಟೆ ಇರಬಹುದು, ಐದು ನಿಮಿಷ ಇರಬಹುದು. ಬಕೆಟ್ ನೀರಲ್ಲಿ ಹಾಕಿ ನೋಡೋಣ ಅಂದ್ಕೊಂಡಿದ್ದೆ. ಸಿಕ್ಕಿದ ಉಪ್ಪೆಲ್ಲ ಒಂದೇ ಬಿರಡೆಗೆ ಆಯ್ತು."

"ತೆಗೆದು ಸರಿ ಮಾಡೋಕಾಗಲ್ವಾ?"

"ಕೊಳವೆ ತುಂಬಾ ನೀರು. ಮೈನು ಎತ್ತೋಕೆ ಕ್ರೇನೇ ಬರಬೇಕು. ಬಂದ್ರೆ ಯಾಕೆ ಅಂತ ಕೇಳ್ತಾರಲ್ಲ."

"ಬೋಟಲ್ಲಿ ಎಷ್ಟು ಜನ?"

"ನನ್ನೂ ಸೇರಿಸಿ ಇಪ್ಪತ್ತಾರು."

"ನಿನ್ನನ್ನ ಬಿಟ್ಟು ಹೇಳು."

"ಇಪ್ಪತ್ತೈದು."

ಗೇಶೆ ಚಮಚವನ್ನು ತನ್ನ ಬಟ್ಟಲೊಳಗೆ ನಿಲ್ಲಿಸಿಬಿಟ್ಟಳು. ನಮ್ಮಲ್ಲಿ ಚಮಚ ಬಟ್ಟಲಿಗೆ ಬಿತ್ತೆಂದರೆ ಇನ್ನು ಚಹಾ ಸಾಕು ಎಂದರ್ಥ. ಮೂರು ಬಟ್ಟಲು ಆಗುವ ಮುಂಚೆ ಯಾರೂ ಹಾಗೆ ಮಾಡುವುದಿಲ್ಲ. ಜಗಳವಾಡಿದ ಅತ್ತೆಯ ಮನೆಯಲ್ಲಿಯೂ ಮೂರು ಕುಡಿದೇ ಏಳುತ್ತಾರೆ. ಅವಳದು ಮೊದಲನೆಯ ಬಟ್ಟಲು.

"ಹೋಗಿ ಕಪ್ತಾನ್ರಿಗೆ ಹೇಳು."

"ಹೇಳಿದ್ರೆ ಗುಂಡಿಕ್ಕುತ್ತಾರೆ ಕಣೇ."

"ಹೇಳದಿದ್ರೆ?"

ಮಿಕ್ಕ ಮೂರು ದಿನವೂ ಗೇಶೆ ಅವನಿಗೆ ಊಟ ಬಡಿಸಿದಳು, ಅಂಗಿಗೆ ತೇಪೆ ಹಾಕಿಕೊಟ್ಟಳು, ಚಹಾ ಮಾತ್ರ ಮಾಡಲಿಲ್ಲ.

೪

ಇಂಗ್ಲೆಂಡಿನ ಕರಾವಳಿ, ಬೆಳಗಿನ ಒಂಬತ್ತು ಗಂಟೆ, ಮೇಲೆ ದಟ್ಟ ಮಂಜು. ನೀರೊಳಗೆ ಬೋಟು ನಿಧಾನ ಸಾಗುತ್ತ ಎರಡೆರಡು ನಿಮಿಷಕ್ಕೊಂದು ಮೈನು ಬಿಡುತ್ತಿದೆ. ಹಿಡಿಕೆ ಎಳೆಯುವವನು ಹಾಬೊ. ಅವನ ಪಕ್ಕದಲ್ಲಿ ಕಪ್ತಾನ ವೀಗಾಂಟ್. ಹದಿನೇಳು ಬಿಟ್ಟಾಯಿತು. ಹಾಬೊ ಇನ್ನೂ ಬಾಯಿ ಬಿಟ್ಟಿಲ್ಲ.

ಎಂಡಿಂಗ್ ಒಂದು. ಹಾಬೊ ಹಿಡಿಕೆ ಜಾಮ್ ಆಗಿದೆ ಎಂದು ಸುಳ್ಳು ಹೇಳುತ್ತಾನೆ, ಮೈನು ಒಳಗೇ ಉಳಿಯುತ್ತದೆ, ಎಲ್ಲರೂ ಬದುಕುತ್ತಾರೆ. ಬರೆದು ಮುಗಿಸಿ ಕಾಲು ಚಾಚಿದ್ದೆ. "ಕಪ್ತಾನ್ರು ತಾವೇ ಬಂದು ಎಳೀತಾರೆ, ಅದು ಬರುತ್ತೆ. ಆಮೇಲೇನ್ ಮಾಡ್ತೀರಿ?" ಎಂದು ಹಾಬೊ ಕೇಳಿದ. ಹೊಡೆದು ಹಾಕಿದೆ.

ಎಂಡಿಂಗ್ ಎರಡು. ಹಾಬೊ ಸುಮ್ಮನಿರುತ್ತಾನೆ, ಎಳೆಯುತ್ತಾನೆ, ಢಮ್. ಇಪ್ಪತ್ತಾರು ಜನರನ್ನು ಒಂದೂವರೆ ಸಾಲಿನಲ್ಲಿ ಮುಗಿಸಿ, ಚಹಾ ಕುಡಿಯಲು ಎದ್ದೆ. ಕುಡಿಯಲಾಗಲಿಲ್ಲ. ನಾಚಿಕೆಯಾಯಿತು. ಅದನ್ನೂ ಹೊಡೆದು ಹಾಕಿದೆ.

ಎಂಡಿಂಗ್ ಮೂರನ್ನು ನಾನು ಬರೆಯಲಿಲ್ಲ, ಹಾಬೊನೇ ಶುರು ಮಾಡಿದ.

"ಕಪ್ತಾನ್ರೇ, ಇದರ ಬಿರಡೆ ಸಕ್ಕರೆದಲ್ಲ. ಉಪ್ಪಿಂದು. ಸಕ್ಕರೆ ನಾನು ತಗೊಂಡೆ."

"ಏನಂದೆ? ಮಾರಿದೆಯಾ?"

"ಇಲ್ಲ. ಚಹಾಕ್ಕೆ ಹಾಕ್ಕೊಂಡೆ."

ವೀಗಾಂಟ್ ಸ್ಯಾಕ್ಸನಿಯವನು, ಕಾಫಿ ಕುಡಿದು ಬೆಳೆದವನು. ಹಾಬೊನನ್ನು ಮೇಲಿಂದ ಕೆಳಗೆ ನೋಡಿದ.

"ಥತ್! ಮಾರಿದ್ದೆ ಅಂದಿದ್ರೆ ಅರ್ಥ ಆಗ್ತಿತ್ತು. ಚಹಾಕ್ಕಾ? ಬಿಸಿನೀರಿಗೆ ಎಲೆ ಹಾಕಿ ಕುಡೀತೀರಲ್ಲ, ಅದಕ್ಕಾ?"

"ಹೌದು, ಕಪ್ತಾನ್ರೇ."

"ಎಷ್ಟು ಹೊತ್ತು ತಡೆಯುತ್ತೆ ನಿನ್ನ ಉಪ್ಪು?"

"ಗೊತ್ತಿಲ್ಲ."

ಕಪ್ತಾನ ಜೇಬಿನಿಂದ ಗಡಿಯಾರ ತೆಗೆದ.

"ಕೇಳಿಲ್ಲಿ ಫ್ರೇರಿಕ್ಸ್. ಇದನ್ನ ವಾಪಸ್ ತಗೊಂಡು ಹೋದ್ರೆ ಯಾಕೆ ಅಂತ ನಾನು ಬರೀಬೇಕು. ಬರೆದ್ರೆ ನಿನ್ನನ್ನ ಗೋಡೆಗೆ ನಿಲ್ಲಿಸ್ತಾರೆ. ನಿನ್ನಂಥ ಕೆಲಸಗಾರ ನನಗಿನ್ನೆಲ್ಲಿ ಸಿಗ್ತಾನೆ ಹೇಳು? ಮೋಟಾರು ಪೂರ್ತಿ ಜೋರು ಮಾಡಿಸ್ತೀನಿ. ಎಳಿ. ನೋಡೇಬಿಡೋಣ ಎಷ್ಟು ನಿಮಿಷ ಅಂತ."

ಕಪ್ತಾನನ ಕಣ್ಣಲ್ಲಿ ಕುತೂಹಲ ಮೂಡಿತ್ತು. (ನನ್ನ ಕಣ್ಣಲ್ಲೂ. ನಿಮ್ಮ ಕಣ್ಣಲ್ಲಿ ಇಲ್ಲವೆಂದು ಆಣೆ ಮಾಡಿ ಹೇಳಿ ನೋಡೋಣ.)

ಹಾಬೊ ಹಿಡಿಕೆಯಿಂದ ಕೈ ತೆಗೆದ. "ಬೇಡ ಕಪ್ತಾನ್ರೇ. ಅವರೆಲ್ಲ ಯಾಕೆ ಸಾಯಬೇಕು? ಬರೀರಿ. ಉಪ್ಪು ಹಾಕ್ದೋನು ನಾನೇ ಅಂತ ಬರೀರಿ."

ಇದನ್ನು ಅವನು ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಕಪ್ತಾನ ಗಡಿಯಾರದ ಮೇಲೆ ಹೆಬ್ಬೆರಳಿಟ್ಟುಕೊಂಡು ನಿಂತಿದ್ದಾನೆ. ನಾನೂ ನಿಂತಿದ್ದೇನೆ. ಬರೆಸಿದರೆ ಹಾಬೊ ಸಾಯುತ್ತಾನೆ, ಎಳೆಸಿದರೆ ಎಲ್ಲರೂ ಸಾಯಬಹುದು. ಯಾವುದಕ್ಕೂ ಪೆನ್ನು ಓಡುತ್ತಿಲ್ಲ.

೫

ದಿಕ್ಕು ತೋಚದೆ ಎಮ್ಡೆನ್ನಿನ ಆ ಅಡುಗೆಮನೆಗೆ ಹೋದೆ. ಗೇಶೆ ಟರ್ನಿಪ್ ಗಡ್ಡೆ ಹೆಚ್ಚುತ್ತಿದ್ದಳು.

"ನೀನೇ ಹೇಳಮ್ಮಾ. ಎಳೆಯಬೇಕೋ ಬೇಡವೋ?"

"ನಿಜ ಹೇಳಿದ್ನಾ ಅವ್ನು?"

"ಹೇಳಿದ. ತಪ್ಪೆಲ್ಲ ತನ್ನ ಮೇಲೆ ಹಾಕಿಕೊಂಡ."

ಆ ಊರಿನಲ್ಲಿ ಸೆರಗೆಲ್ಲಿ, ಗೇಶೆ ಏಪ್ರನ್ನಿನಿಂದ ಕಣ್ಣೊರಸಿಕೊಂಡಳು. ಆಮೇಲೆ ಚಾಕು ಕೆಳಗಿಟ್ಟು ಕೇಳಿದಳು.

"ಎರಡು ನಿಮಿಷಕ್ಕೊಂದು ಬಿಟ್ರು ಅಂತ ಬರೆದ್ರಲ್ಲ?"

"ಹೌದು."

"ಹದಿನೇಳು ಬಿಟ್ಟಾಯ್ತು ಅಂತಾನೂ ಬರೆದ್ರಿ."

"ಆಯಿತು."

"ಹಾಗಾದ್ರೆ ಅರ್ಧ ಗಂಟೆ ಕಳೀತಲ್ಲ. ಮೊದಲನೇದು ಮೇಲೆ ಬಂದು ನಿಂತಿದೆ. ಅದರಲ್ಲಿದ್ದದ್ದು ಒಳ್ಳೇ ಸಕ್ಕರೆ." ಅವಳು ನನ್ನ ಮುಖವನ್ನೇ ನೋಡಿದಳು. "ಅಲ್ಲಿ ಯಾರು ಬರ್ತಿದ್ದಾರೆ?"

"ಎಲ್ಲಿ?"

"ಅದರ ಮೇಲೆ. ಮಂಜಲ್ಲಿ."

"ಯಾರೂ ಇಲ್ಲ. ನಾನು ಯಾರನ್ನೂ ಬರೆದಿಲ್ಲ."

"ಬರೀದಿದ್ರೆ ಬರಲ್ವಾ?" ಎಂದಳು ಗೇಶೆ.

ಓಡಿಬಂದು ಕುರ್ಚಿಯಲ್ಲಿ ಕೂತೆ. ಮೂರು ಎಂಡಿಂಗ್ ಬರೆಯುವಷ್ಟು ಹೊತ್ತು ಒಂದು ಮೈನಿಗಾಗಿ ಉಗುರು ಕಚ್ಚಿದವನು ನಾನು. ಉಳಿದ ಹದಿನೇಳು ಕೆಟ್ಟಿರಲಿಲ್ಲವಲ್ಲ, ಹಾಗಾಗಿ ಅವನ್ನು ನೋಡಿಯೇ ಇರಲಿಲ್ಲ. ಬೋಟಿನೊಳಗೆ ಕಪ್ತಾನ ಹಾಗೇ ನಿಂತಿದ್ದಾನೆ, ಹಾಬೊನೂ ಹಾಗೇ ನಿಂತಿದ್ದಾನೆ. ಮೇಲೆ ಮಂಜಿನೊಳಗೆ ಒಂದು ಮೀನುದೋಣಿ ಗಂಟೆ ಬಾರಿಸಿಕೊಂಡು ಬರುತ್ತಿದೆ. ಯಾರೋ ಕೆಮ್ಮಿದರು. ಯಾರೋ ಬಲೆ ಎಲ್ಲಿಟ್ಟೆಯೋ ಎಂದು ಕೂಗಿದರು. ಇದನ್ನು ನಾನು ಬರೆದಿರಲಿಲ್ಲ. ಪೆನ್ನು ಕೆಳಗಿಟ್ಟಿದ್ದೇನೆ, ನೋಡಿ, ಎರಡೂ ಕೈ ಮೇಜಿನ ಮೇಲಿವೆ. ಗಂಟೆ ಇನ್ನೂ ಹತ್ತಿರ ಬರುತ್ತಿದೆ.